ಬಿಟ್ಟ ಚೆಂಡಿನ ಬೆಲೆ ಅರಿತಿದ್ದ ಟೆಡ್ ವಿಲಿಯಮ್ಸ್

ಹಲಸೂರು ಕೆರೆಯ ಸಮೀಪದ ಆರ್‌ಬಿಎಎನ್‌ಎಂಎಸ್ ಮೈದಾನಕ್ಕಾಗಲಿ, ಕಂಟೋನ್ಮೆಂಟಿನ ಯಾವುದಾದರೂ ಶಾಲೆಯ ಅಂಗಳಕ್ಕಾಗಲಿ ಕ್ರಿಕೆಟ್ ಕಲಿಯಲು ಬರುವ ಹುಡುಗನಿಗೆ ಹೊಡೆಯುವುದಕ್ಕಿಂತ ಕಷ್ಟವಾದ ಪಾಠವೊಂದಿದೆ. ಆಫ್ ಸ್ಟಂಪಿನ ಆಚೆ ಸಾಗುವ ಚೆಂಡನ್ನು ಮುಟ್ಟದೆ ಬಿಡುವುದೇ ಆ ಪಾಠ. ಇಂದಿರಾನಗರದ ರಾಹುಲ್ ದ್ರಾವಿಡ್ ಈ ವಿದ್ಯೆಯಲ್ಲಿ ಪಾರಂಗತರಾಗಿದ್ದರು. ಟೆಸ್ಟ್ ಪಂದ್ಯಗಳಲ್ಲಿ ಅವರು ಎದುರಿಸಿದ 31,258 ಎಸೆತಗಳು ಅವರು ನಿವೃತ್ತರಾದಾಗ ವಿಶ್ವದಾಖಲೆಯಾಗಿದ್ದವು. ಅವುಗಳಲ್ಲಿ ಎಷ್ಟನ್ನು ಅವರು ದಾಂಡು ಎತ್ತಿ ಹಿಂದಕ್ಕೆ ಹೋಗಗೊಟ್ಟರೋ, ಅವಕ್ಕೆಲ್ಲ ಅಂಕಪಟ್ಟಿಯಲ್ಲಿ ಸಿಕ್ಕಿದ್ದು ಸೊನ್ನೆ. ಎಸೆತ ವೈಡ್ ಆದರೂ ಅದರ ರನ್ನು ಸೇರುವುದು ಇತರೆ ರನ್ನುಗಳ ಖಾತೆಗೆ. ಬಿಟ್ಟ ಚೆಂಡಿಗೆ ಕ್ರಿಕೆಟ್ ಕೂಲಿ ಕೊಡುವುದಿಲ್ಲ.

ಕ್ರಿಕೆಟಿನ ದಾಯಾದಿಯಾದ ಬೇಸ್‌ಬಾಲ್ ಕೊಡುತ್ತದೆ. ಅಲ್ಲಿ ದಾಂಡಿಗನ ಮುಂದೆ 17 ಅಂಗುಲ ಅಗಲದ ಒಂದು ಫಲಕ ನೆಲದಲ್ಲಿ ಹುದುಗಿರುತ್ತದೆ. ಅದರ ಮೇಲೆ, ಎದೆಮಟ್ಟದಿಂದ ಮೊಣಕಾಲಿನವರೆಗೆ, ಕಣ್ಣಿಗೆ ಕಾಣದ ಒಂದು ಚೌಕಟ್ಟು ಉಂಟು. ಅದು ಸ್ಟ್ರೈಕ್ ವಲಯ. ದಾಂಡಿಗ ಬೀಸದೆ ಬಿಟ್ಟ ಎಸೆತ ಆ ಚೌಕಟ್ಟಿನ ಹೊರಗೆ ಹೋದರೆ ಎಸೆತಗಾರನ ತಪ್ಪು, ಒಳಗೆ ಹೋದರೆ ದಾಂಡಿಗನ ತಪ್ಪು. ದಾಂಡಿಗನ ಮೂರು ತಪ್ಪಿಗೆ ಆತ ಔಟ್. ಎಸೆತಗಾರನ ನಾಲ್ಕು ತಪ್ಪಿಗೆ ದಾಂಡಿಗ ದಾಂಡನ್ನು ಕೆಳಗಿಟ್ಟು ಮೊದಲ ಬೇಸಿಗೆ ನಡೆದುಕೊಂಡು ಹೋಗುತ್ತಾನೆ. ಓಡುವ ಅಗತ್ಯವೂ ಇಲ್ಲ. ಅದಕ್ಕೇ ಅದರ ಹೆಸರು ‘ವಾಕ್’. ವಿಚಿತ್ರವೆಂದರೆ, ದಾಂಡಿಗನ ಸರಾಸರಿಯ ಲೆಕ್ಕದಲ್ಲಿ ಈ ನಡಿಗೆಗೆ ಜಾಗವಿಲ್ಲ. ಅದು ಲಾಭವೂ ಅಲ್ಲ, ನಷ್ಟವೂ ಅಲ್ಲ. ಆ ಸರದಿಯನ್ನು ಆಡಿಯೇ ಇಲ್ಲವೆಂಬಂತೆ ಬಿಟ್ಟುಬಿಡುತ್ತಾರೆ. ದಶಕಗಳ ಕಾಲ ಅಮೆರಿಕದ ಕ್ರೀಡಾಲೋಕ ಅದನ್ನು ಎಸೆತಗಾರನ ಅಚಾತುರ್ಯವೆಂದು ಕಂಡಿತೇ ಹೊರತು ದಾಂಡಿಗನ ಸಾಮರ್ಥ್ಯವೆಂದು ಪರಿಗಣಿಸಲಿಲ್ಲ.

ಈ ನಂಬಿಕೆಯ ವಿರುದ್ಧ ಬಹುಮಟ್ಟಿಗೆ ಒಂಟಿಯಾಗಿ ನಿಂತು, ಅದರ ದಂಡವನ್ನೂ ತೆತ್ತವನು ಬಾಸ್ಟನ್ ರೆಡ್ ಸಾಕ್ಸ್ ತಂಡದ ಟೆಡ್ ವಿಲಿಯಮ್ಸ್. ಅಮೆರಿಕನ್ ಲೀಗಿನಲ್ಲಿ ಅತಿ ಹೆಚ್ಚು ವಾಕ್ ಪಡೆದ ದಾಂಡಿಗನೆಂಬ ಸ್ಥಾನ ಆತನಿಗೆ ಎಂಟು ಋತುಗಳಲ್ಲಿ ದಕ್ಕಿತು. 1941ರಲ್ಲಿ 147, 1942ರಲ್ಲಿ 145, 1946ರಲ್ಲಿ 156, 1947ರಲ್ಲಿ 162, 1948ರಲ್ಲಿ 126, 1949ರಲ್ಲಿ ಮತ್ತೆ 162, 1951ರಲ್ಲಿ 144, 1954ರಲ್ಲಿ 136. ನಡುವಿನ ಮೂರು ವರ್ಷಗಳ ಅಂತರ ಆತ ಆಟವನ್ನೇ ಬಿಟ್ಟು ಯುದ್ಧಸೇವೆಯಲ್ಲಿದ್ದ ಕಾಲ.

ಥಿಯೋಡರ್ ಸ್ಯಾಮ್ಯುಯೆಲ್ ವಿಲಿಯಮ್ಸ್ ಹುಟ್ಟಿದ್ದು 1918ರ ಆಗಸ್ಟ್ 30ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದಲ್ಲಿ. ತಾಯಿ ಮೇ ಮೆಕ್ಸಿಕೊ ಮೂಲದ ಕುಟುಂಬದವಳು; ಸಾಲ್ವೇಶನ್ ಆರ್ಮಿಯ ಸೇವಕಿ. ಬೀದಿಬೀದಿಯಲ್ಲಿ ಪತ್ರಿಕೆ ಮಾರುತ್ತ, ಕುಡುಕರನ್ನೂ ನಿರ್ಗತಿಕರನ್ನೂ ಸಂತೈಸುತ್ತ ಆಕೆ ಮನೆ ಸೇರುವಾಗ ರಾತ್ರಿ ಬಹಳವಾಗಿರುತ್ತಿತ್ತು. ಛಾಯಾಚಿತ್ರದ ಅಂಗಡಿ ಇಟ್ಟಿದ್ದ ತಂದೆಗೂ ಮನೆಯ ಮೇಲೆ ಹೆಚ್ಚಿನ ಗಮನವಿರಲಿಲ್ಲ. ಟೆಡ್ ಮತ್ತು ತಮ್ಮ ಡ್ಯಾನಿ ಕತ್ತಲಾದ ಮೇಲೂ ಜಗುಲಿಯ ಮೇಲೆ ತಾಯಿಯ ದಾರಿ ಕಾಯುತ್ತಿದ್ದರು. ಆಕೆಯ ಜೊತೆ ಸಾಲ್ವೇಶನ್ ಆರ್ಮಿಯ ಬ್ಯಾಂಡಿನ ಹಿಂದೆ ಬೀದಿಯಲ್ಲಿ ನಡೆಯಬೇಕಾಗಿ ಬಂದಾಗ ಹುಡುಗ ಸ್ನೇಹಿತರ ಕಣ್ಣಿಗೆ ಬೀಳದಂತೆ ನಗಾರಿಯ ಮರೆಯಲ್ಲಿ ಅಡಗುತ್ತಿದ್ದನಂತೆ. ಮನೆಯಲ್ಲಿ ಇಲ್ಲದ್ದನ್ನು ಆತ ಕಂಡುಕೊಂಡದ್ದು ಸಮೀಪದ ನಾರ್ತ್ ಪಾರ್ಕ್ ಆಟದ ಬಯಲಿನಲ್ಲಿ. ಅಲ್ಲಿನ ಮೇಲ್ವಿಚಾರಕ ರಾಡ್ ಲಸ್ಕಂಬ್ ಆತನಿಗೆ ತಾಸುಗಟ್ಟಲೆ ಚೆಂಡೆಸೆದ. ಹುಡುಗನಿಗೆ ಆಗ ಇದ್ದದ್ದು ಒಂದೇ ಆಸೆ: ಭೂಮಿಯ ಮೇಲೆ ತನ್ನಷ್ಟು ಚೆನ್ನಾಗಿ ಚೆಂಡು ಹೊಡೆಯುವವನು ಇನ್ನೊಬ್ಬನಿರಬಾರದು.

1938ರಲ್ಲಿ, ಇಪ್ಪತ್ತೂ ತುಂಬದ ಈ ಬಡಕಲು ಹುಡುಗ ಕೆಳದರ್ಜೆಯ ಮಿನಿಯಾಪೊಲಿಸ್ ತಂಡದ ಅಭ್ಯಾಸ ಶಿಬಿರದಲ್ಲಿದ್ದಾಗ ಅಲ್ಲಿಗೆ ರೋಜರ್ಸ್ ಹಾರ್ನ್ಸ್‌ಬಿ ಬಂದಿದ್ದ. ಹಿಂದಿನ ತಲೆಮಾರಿನ ಮಹಾ ದಾಂಡಿಗ. ಅಭ್ಯಾಸ ಮುಗಿದ ಮೇಲೂ ಉಳಿದುಕೊಂಡು ವಿಲಿಯಮ್ಸ್ ಆತನನ್ನು ಪ್ರಶ್ನೆಗಳಿಂದ ಪೀಡಿಸಿದ. ಹಾರ್ನ್ಸ್‌ಬಿ ಹೇಳಿಕೊಟ್ಟ ಗುಟ್ಟು ಚಿಕ್ಕದು: ಹೊಡೆಯಲು ಯೋಗ್ಯವಾದ ಚೆಂಡು ಬರುವವರೆಗೆ ಕಾಯಬೇಕು. ಕೇಳಲು ಇಷ್ಟೇ. ಬಲಿಷ್ಠ ತೋಳಿರುವ, ಜನರ ಕೂಗು ಕಿವಿಗೆ ಬೀಳುತ್ತಿರುವ ತರುಣನಿಗೆ ಇದಕ್ಕಿಂತ ಕಠಿಣವಾದ ವ್ರತ ಇನ್ನೊಂದಿಲ್ಲ. ಮರುವರ್ಷ ಬಾಸ್ಟನ್ನಿಗೆ ಕಾಲಿಟ್ಟ ವಿಲಿಯಮ್ಸ್ ಮೊದಲ ಋತುವಿನಲ್ಲೇ 31 ಹೋಮ್ ರನ್ ಹೊಡೆದ. 107 ಸಲ ನಡೆದು ಮೊದಲ ಬೇಸ್ ಸೇರಿದ.

1941 ಆತನ ವರ್ಷ. ಅಮೆರಿಕದ ಜನ ಆ ಬೇಸಿಗೆಯಲ್ಲಿ ನೆನಪಿಟ್ಟದ್ದು ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮಾಜಿಯೊ ಸತತ 56 ಪಂದ್ಯಗಳಲ್ಲಿ ಹೊಡೆತ ದಾಖಲಿಸಿದ್ದನ್ನು. ವಿಲಿಯಮ್ಸ್ ಮೌನವಾಗಿ ಇನ್ನೊಂದು ಶಿಖರದತ್ತ ಸಾಗುತ್ತಿದ್ದ. ಬೇಸ್‌ಬಾಲಿನಲ್ಲಿ ಹತ್ತು ಸಲ ಬೀಸಲು ನಿಂತು ಮೂರು ಸಲ ಯಶಸ್ವಿಯಾದವನೇ ಉತ್ತಮ ದಾಂಡಿಗ. ನಾಲ್ಕು ಸಲ, ಅಂದರೆ .400 ಸರಾಸರಿ, ಎಂಬುದು ದುರ್ಲಭ. ಋತುವಿನ ಕೊನೆಯ ದಿನವಾದ ಸೆಪ್ಟೆಂಬರ್ 28ರ ಬೆಳಗ್ಗೆ ಆತನ ಸರಾಸರಿ .39955 ಇತ್ತು. ದಶಾಂಶವನ್ನು ಪೂರ್ಣಗೊಳಿಸಿದರೆ .400 ಆಗಿಯೇ ಹೋಗುತ್ತಿತ್ತು. ಬೇಕಾದರೆ ಆಡದೆ ಕೂರಬಹುದೆಂದು ವ್ಯವಸ್ಥಾಪಕ ಜೋ ಕ್ರೋನಿನ್ ಸೂಚಿಸಿದ. ವಿಲಿಯಮ್ಸ್ ಒಪ್ಪಲಿಲ್ಲ. ಫಿಲಡೆಲ್ಫಿಯಾದಲ್ಲಿ ಅಂದು ನಡೆದ ಎರಡೂ ಪಂದ್ಯಗಳನ್ನು ಆಡಿ, ಎಂಟು ಸರದಿಯಲ್ಲಿ ಆರು ಹೊಡೆತ ಗಳಿಸಿ, .406ಕ್ಕೆ ಋತುವನ್ನು ಮುಗಿಸಿದ. ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ ಆಮೇಲೆ ಯಾರೂ ಆ ಗಡಿ ಮುಟ್ಟಿಲ್ಲ. ಹೀಗೆ ಆಡದೆ ಕೂರಲು ಒಪ್ಪದವನೇ ಅದೇ ವರ್ಷ 147 ಸಲ ಹೊಡೆಯದೆ ನಿಂತು ವಾಕ್ ಪಡೆದ ಎಂಬುದನ್ನು ಮರೆಯಬಾರದು. ಎರಡರ ಹಿಂದೆಯೂ ಇದ್ದದ್ದು ಒಂದೇ ಹಟ. ಆ ವರ್ಷ ಸ್ಟ್ರೈಕ್‌ಗಳಿಂದ ಆತ ಔಟಾದದ್ದು ಕೇವಲ 27 ಬಾರಿ. ಶ್ರೇಷ್ಠ ಆಟಗಾರ ಪ್ರಶಸ್ತಿ ಮಾತ್ರ ಡಿಮಾಜಿಯೊಗೆ ಹೋಯಿತು.

ಆ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ದಾಳಿ ನಡೆದು ಅಮೆರಿಕ ಯುದ್ಧಕ್ಕಿಳಿಯಿತು. ತಾಯಿಯ ಪೋಷಣೆಯ ಹೊಣೆ ತನ್ನದೆಂಬ ಕಾರಣಕ್ಕೆ ಕಡ್ಡಾಯ ಸೇನಾಸೇವೆಯಿಂದ ವಿನಾಯಿತಿ ಪಡೆದ ವಿಲಿಯಮ್ಸ್ ಪತ್ರಿಕೆಗಳ ಟೀಕೆಗೆ ಗುರಿಯಾದ. 1942ರಲ್ಲಿ ತಾನಾಗಿಯೇ ನೌಕಾದಳದ ವೈಮಾನಿಕ ವಿಭಾಗಕ್ಕೆ ಹೆಸರು ಕೊಟ್ಟು, ಋತು ಮುಗಿದ ಮೇಲೆ ತರಬೇತಿಗೆ ಹೊರಟ.

ಆ ಯುದ್ಧದ ನೆರಳು ಬೆಂಗಳೂರಿನ ಪೂರ್ವದ ಅಂಚಿನ ಮೇಲೂ ಬಿದ್ದಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಆರಂಭಿಸಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್, 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ನಿರ್ವಹಣೆಗೆ ಒಳಪಟ್ಟಿತು. ಪೂರ್ವ ರಣಾಂಗಣದಲ್ಲಿ ಜಖಂಗೊಂಡ, ಸವೆದ ವಿಮಾನಗಳು ದುರಸ್ತಿಗಾಗಿ ಇಲ್ಲಿಗೆ ಬರುತ್ತಿದ್ದವು. ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳಿಗೆ ಬೆಳ್ಳಂದೂರು ಕೆರೆಯೇ ನಿಲ್ದಾಣವಾಗಿತ್ತು. ಇಂದು ನೊರೆಗೆ ಕುಖ್ಯಾತವಾದ ಕೆರೆ ಅದೇ ಎಂದರೆ ನಂಬುವುದು ಕಷ್ಟ. ಬೆಂಗಳೂರಿನಲ್ಲಿ ಅಮೆರಿಕದ ತಂತ್ರಜ್ಞರು ಎಂಜಿನ್ನುಗಳನ್ನು ಬಿಚ್ಚಿ ಜೋಡಿಸುತ್ತಿದ್ದ ಅದೇ ದಿನಗಳಲ್ಲಿ, ಅವರ ದೇಶದ ಅತ್ಯುತ್ತಮ ದಾಂಡಿಗ ಫ್ಲೋರಿಡಾದ ಪೆನ್ಸಕೋಲಾದಲ್ಲಿ ಹಾರಾಟ ಕಲಿಯುತ್ತಿದ್ದ. 1944ರ ಮೇ ತಿಂಗಳಲ್ಲಿ ಮೆರೀನ್ ದಳದ ಅಧಿಕಾರಿಯಾಗಿ ಪೈಲಟ್ ಪದಕ ಪಡೆದು, ಅಲ್ಲೇ ಕಿರಿಯರಿಗೆ ಬೋಧಕನಾದ. ಬೋಧನೆ ಬಹುಪಾಲು ನಡೆದದ್ದು ಭಾರತೀಯ ವಾಯುಪಡೆಯ ತಲೆಮಾರುಗಳು ಹಾರ್ವರ್ಡ್ ಎಂಬ ಹೆಸರಿನಲ್ಲಿ ಬಲ್ಲ ತರಬೇತಿ ವಿಮಾನದಲ್ಲಿ. 24ರಿಂದ 27ರವರೆಗಿನ, ದಾಂಡಿಗನ ತೋಳಿಗೆ ಅತ್ಯಂತ ಬೆಲೆಯಿರುವ ವಯಸ್ಸು ಹೀಗೆ ಕಳೆಯಿತು.

1946ರಲ್ಲಿ ಮರಳಿದಾಗ ಎದುರಾಳಿಗಳು ಹೊಸ ಉಪಾಯ ಹೂಡಿದ್ದರು. ಎಡಗೈ ದಾಂಡಿಗನಾದ ವಿಲಿಯಮ್ಸನ ಹೊಡೆತಗಳು ಬಹುತೇಕ ಬಲಭಾಗಕ್ಕೆ ಹೋಗುತ್ತಿದ್ದವು. ಜುಲೈ 14ರಂದು ಕ್ಲೀವ್‌ಲ್ಯಾಂಡ್ ತಂಡದ ವಿರುದ್ಧ ಮೊದಲ ಪಂದ್ಯದಲ್ಲಿ ಆತ ಮೂರು ಹೋಮ್ ರನ್ ಹೊಡೆದಾಗ, ಎರಡನೆಯ ಪಂದ್ಯದಲ್ಲಿ ನಾಯಕ ಲೂ ಬೂಡ್ರೊ ಬಹುತೇಕ ಎಲ್ಲ ಕ್ಷೇತ್ರರಕ್ಷಕರನ್ನೂ ಬಲಕ್ಕೆ ಸರಿಸಿ ಎಡಭಾಗವನ್ನು ಬರಿದಾಗಿಟ್ಟ. ಅತ್ತ ಮೆಲ್ಲಗೆ ತಳ್ಳಿದರೆ ಸುಲಭದ ಬೇಸು. ವಿಲಿಯಮ್ಸ್ ಬಹಳ ಸಲ ತಳ್ಳಲಿಲ್ಲ, ಬಲಕ್ಕೇ ಬೀಸಿದ. ಇದನ್ನು ಸ್ವಾಭಿಮಾನವೆಂದರೂ ಸರಿ, ಮೊಂಡುತನವೆಂದರೂ ಸರಿ. ಆ ವರ್ಷ ಆತ ಆಡಿದ ಏಕೈಕ ವಿಶ್ವ ಸರಣಿಯಲ್ಲಿ ಸೇಂಟ್ ಲೂಯಿಸ್ ತಂಡ ಏಳು ಪಂದ್ಯಗಳಲ್ಲಿ ಬಾಸ್ಟನ್ನನ್ನು ಸೋಲಿಸಿತು. ವಿಲಿಯಮ್ಸ್ ಗಳಿಸಿದ್ದು ಐದು ಸಾಧಾರಣ ಹೊಡೆತ, ಐದು ವಾಕ್.

ಟೀಕಾಕಾರರಿಗೆ ಇದಕ್ಕಿಂತ ಹೆಚ್ಚೇನು ಬೇಕು? ಬಾಸ್ಟನ್ನಿನ ಅಂಕಣಕಾರರ ಆರೋಪ ವರ್ಷಗಟ್ಟಲೆ ಒಂದೇ ಧಾಟಿಯಲ್ಲಿ ಸಾಗಿತು. ಸಹ ಆಟಗಾರರು ಬೇಸುಗಳ ಮೇಲೆ ಕಾದಿರುವಾಗ, ಚೌಕಟ್ಟಿನಿಂದ ಒಂದೆರಡು ಅಂಗುಲ ಹೊರಗಿನ ಚೆಂಡನ್ನಾದರೂ ಹೊಡೆದು ಅವರನ್ನು ಮನೆ ಸೇರಿಸುವುದು ಮಹಾ ದಾಂಡಿಗನ ಧರ್ಮ, ವಿಲಿಯಮ್ಸ್ ತನ್ನ ಸರಾಸರಿಯನ್ನು ಕಾಪಾಡಿಕೊಳ್ಳಲು ನಡೆದು ಹೋಗುತ್ತಾನೆ, ಆದ್ದರಿಂದ ಸ್ವಾರ್ಥಿ. ಆರೋಪದಲ್ಲಿ ಹುರುಳೇ ಇರಲಿಲ್ಲವೆನ್ನಲಾಗದು. ತಂಡದ ಅತ್ಯುತ್ತಮ ದಾಂಡಿಗ ನಡೆದರೆ ಹೊಡೆಯುವ ಹೊಣೆ ಬೀಳುವುದು ಆತನಿಗಿಂತ ಕಡಿಮೆ ಸಮರ್ಥನ ಮೇಲೆ.

ವಿಲಿಯಮ್ಸನ ಲೆಕ್ಕ ಬೇರೆಯಿತ್ತು. ಚೌಕಟ್ಟಿನ ಸುತ್ತ ಎರಡಂಗುಲ ಹೊರಗಿನ ಚೆಂಡಿಗೂ ಬೀಸತೊಡಗಿದರೆ, ಎಸೆತಗಾರ ಗುರಿಯಿಡಬೇಕಾದ ಜಾಗ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಿಗ್ಗುತ್ತದೆ. ಇಂದು ಎರಡಂಗುಲ ಬಿಟ್ಟುಕೊಟ್ಟವನಿಗೆ ನಾಳೆ ಮೂರಂಗುಲ ಹೊರಗೆ ಎಸೆಯುತ್ತಾರೆ. 1970ರಲ್ಲಿ ಜಾನ್ ಅಂಡರ್‌ವುಡ್ ಜೊತೆಗೂಡಿ ಬರೆದ ‘ದಿ ಸೈನ್ಸ್ ಆಫ್ ಹಿಟ್ಟಿಂಗ್’ ಪುಸ್ತಕದಲ್ಲಿ ಆತ ಸ್ಟ್ರೈಕ್ ವಲಯವನ್ನು 77 ಚೆಂಡುಗಳ ಚೌಕಟ್ಟಾಗಿ ಚಿತ್ರಿಸಿ, ಪ್ರತಿಯೊಂದು ಜಾಗದಲ್ಲಿ ತನ್ನ ಅಂದಾಜಿನ ಸರಾಸರಿಯನ್ನು ನಮೂದಿಸಿದ. ನಟ್ಟನಡುವೆ .400, ಹೊರಗಿನ ಕೆಳಮೂಲೆಯಲ್ಲಿ.230. ದಾಂಡಿಗ ಒಬ್ಬನೇ; ಆತ ಯಾವ ಚೆಂಡನ್ನು ಆರಿಸಿಕೊಳ್ಳುತ್ತಾನೆ ಎಂಬುದರ ಮೇಲೆ ಆತ ಅಸಾಮಾನ್ಯನೋ ಸಾಮಾನ್ಯನೋ ಎಂಬುದು ತೀರ್ಮಾನವಾಗುತ್ತದೆ.

ಲೆಕ್ಕ ಸರಿಯಿದ್ದರೂ ಪ್ರಶಸ್ತಿಗಳು ಕೈಗೆ ಬಂದು ಜಾರುತ್ತಿದ್ದವು. 1947ರಲ್ಲಿ ಸರಾಸರಿ, ಹೋಮ್ ರನ್, ರನ್ ಗಳಿಕೆಗೆ ಕಾರಣವಾದ ಹೊಡೆತಗಳು ಮೂರರಲ್ಲೂ ಲೀಗಿಗೇ ಮೊದಲಿಗನಾಗಿ, ಅದರ ಮೇಲೆ 162 ವಾಕ್ ಪಡೆದರೂ ಶ್ರೇಷ್ಠ ಆಟಗಾರ ಪ್ರಶಸ್ತಿ 201ಕ್ಕೆ 202ರಂತೆ ಒಂದೇ ಅಂಕದಿಂದ ಡಿಮಾಜಿಯೊ ಪಾಲಾಯಿತು. 1949ರಲ್ಲಿ ಆ ಪ್ರಶಸ್ತಿ ಬಂತು. ಆದರೆ ಸರಾಸರಿಯ ಕಿರೀಟವನ್ನು ಡೆಟ್ರಾಯ್ಟಿನ ಜಾರ್ಜ್ ಕೆಲ್ ಕೂದಲೆಳೆಯ ಅಂತರದಲ್ಲಿ ಕಿತ್ತುಕೊಂಡ. ಕೆಲ್ .3429, ವಿಲಿಯಮ್ಸ್ .3428. ಅದೇ 1949ರಲ್ಲಿ ವಿಲಿಯಮ್ಸ್ ಸತತ 84 ಪಂದ್ಯಗಳಲ್ಲಿ ಹೊಡೆದೋ ನಡೆದೋ ಬೇಸ್ ತಲುಪಿದ. ಅದು ಇಂದಿಗೂ ದಾಖಲೆ. ಡಿಮಾಜಿಯೊನ 56 ಅಮೆರಿಕದ ಶಾಲಾ ಮಕ್ಕಳಿಗೂ ಗೊತ್ತು. ವಿಲಿಯಮ್ಸನ 84 ಬಲ್ಲವರು ವಿರಳ.

1952ರಲ್ಲಿ, 33ರ ಪ್ರಾಯದಲ್ಲಿ, ಮೆರೀನ್ ದಳ ಆತನನ್ನು ಕೊರಿಯಾ ಯುದ್ಧಕ್ಕೆ ಮರಳಿ ಕರೆಯಿತು. ಈ ಸಲ ಬೋಧನೆಯಲ್ಲ, ಜೆಟ್ ವಿಮಾನದಲ್ಲಿ ಪ್ರತ್ಯಕ್ಷ ಕಾಳಗ. ಮುಂದೆ ಅಂತರಿಕ್ಷಯಾನಿಯಾಗಿ ಹೆಸರಾದ ಜಾನ್ ಗ್ಲೆನ್ ಅದೇ ದಳದಲ್ಲಿದ್ದ. 1953ರ ಫೆಬ್ರುವರಿ 16ರಂದು ಶತ್ರುವಿನ ಗುಂಡಿಗೆ ಸಿಕ್ಕ ವಿಲಿಯಮ್ಸನ ಪ್ಯಾಂಥರ್ ವಿಮಾನ ಬೆಂಕಿ ಹೊತ್ತಿಕೊಂಡಿತು. ಗಾಲಿಗಳು ಹೊರಬರಲಿಲ್ಲ, ಹೊಟ್ಟೆಯ ಮೇಲೆಯೇ ಓಡುದಾರಿಯಲ್ಲಿ ಜಾರಿಸಿ ನಿಲ್ಲಿಸಿ, ಆತ ಇಳಿದು ಓಡಿದ. ವಿಮಾನ ಸುಟ್ಟುಹೋಯಿತು. ಒಟ್ಟು 39 ಹಾರಾಟಗಳ ಬಳಿಕ ಅನಾರೋಗ್ಯದಿಂದ ಸ್ವದೇಶಕ್ಕೆ ಮರಳಿದ. ಅಂದ ಹಾಗೆ, ಆ ಯುದ್ಧ ನಿಂತ ಮೇಲೆ ಕೊರಿಯಾದ ಯುದ್ಧಕೈದಿಗಳ ವಾಪಸಾತಿಯ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು.

ಆತನ ಬದುಕಿನ ಅತಿ ವಿಲಕ್ಷಣ ಅನ್ಯಾಯ 1954ರದು. ಅಭ್ಯಾಸದ ಮೊದಲ ದಿನವೇ ಬಿದ್ದು ಕೊರಳೆಲುಬು ಮುರಿದುಕೊಂಡ ವಿಲಿಯಮ್ಸ್ ತಡವಾಗಿ ತಂಡ ಸೇರಿದರೂ .345 ಸರಾಸರಿಯಲ್ಲಿ ಆಡಿದ. ಲೀಗಿನಲ್ಲಿ ಅವನಿಗಿಂತ ಮುಂದಿದ್ದ ಸರಾಸರಿ ಇರಲಿಲ್ಲ. ಆದರೆ ಕಿರೀಟಕ್ಕೆ ಅರ್ಹನಾಗಲು 400 ಸರದಿಗಳು ಬೇಕೆಂಬುದು ಅಂದಿನ ನಿಯಮ. ವಾಕ್ ಸರದಿಯೆಂದು ಲೆಕ್ಕಕ್ಕೆ ಬರುವುದಿಲ್ಲವಲ್ಲ! ಆತನ ಖಾತೆಯಲ್ಲಿದ್ದದ್ದು 386 ಸರದಿ, 136 ವಾಕ್. ಕಿರೀಟ .341ರ ಸರಾಸರಿಯಿದ್ದ ಬಾಬಿ ಅವಿಲಾನ ತಲೆಗೇರಿತು. ನಡಿಗೆಗಳಲ್ಲಿ ಹದಿನಾಲ್ಕನ್ನು ಬಿಟ್ಟುಕೊಟ್ಟು ಹೊರಗಿನ ಚೆಂಡುಗಳಿಗೆ ಬೀಸಿ ಔಟಾಗಿದ್ದರೂ ಆತ ಅರ್ಹನಾಗುತ್ತಿದ್ದ. ಸರಾಸರಿಗಾಗಿ ನಡೆಯುತ್ತಾನೆಂಬ ಆರೋಪ ಹೊತ್ತವನು ನಡೆದದ್ದಕ್ಕಾಗಿಯೇ ಸರಾಸರಿಯ ಕಿರೀಟ ಕಳೆದುಕೊಂಡ. ಇದರ ಅಸಂಗತತೆ ಆಡಳಿತಗಾರರಿಗೂ ತಟ್ಟಿತು. 1957ರಿಂದ ವಾಕ್‌ಗಳೂ ಸೇರಿದಂತೆ ದಾಂಡಿಗ ನಿಂತ ಎಲ್ಲ ಸರದಿಗಳನ್ನೂ ಅರ್ಹತೆಗೆ ಪರಿಗಣಿಸುವ ನಿಯಮ ಬಂತು. ಆ ವರ್ಷ ಕಿರೀಟ ಗೆದ್ದವನು .388 ಸರಾಸರಿಯ, 39ರ ಹರೆಯದ ವಿಲಿಯಮ್ಸನೇ.

ಆತ ಸಂತನೇನೂ ಅಲ್ಲ. ಬಾಸ್ಟನ್ನಿನ ಪ್ರೇಕ್ಷಕರೊಡನೆ, ಅದಕ್ಕಿಂತ ಹೆಚ್ಚಾಗಿ ಪತ್ರಕರ್ತರೊಡನೆ ಆತನ ಹಗೆತನ ದೀರ್ಘವಾದದ್ದು. 1956ರ ಆಗಸ್ಟ್ 7ರಂದು ತವರಿನ ಫೆನ್‌ವೇ ಪಾರ್ಕಿನಲ್ಲಿ ಯಾಂಕೀಸ್ ವಿರುದ್ಧ ಪಂದ್ಯ ಹೆಚ್ಚುವರಿ ಇನಿಂಗ್ಸಿಗೆ ಸಾಗಿತ್ತು. ಮಿಕಿ ಮ್ಯಾಂಟಲ್ ಎತ್ತಿ ಹೊಡೆದ ಚೆಂಡು ವಿಲಿಯಮ್ಸನ ಕೈಜಾರಿತು. ಸಾವಿರಾರು ಕಂಠಗಳು ಹೀಯಾಳಿಸಿದವು. ಮರುಕ್ಷಣವೇ ಅದ್ಭುತ ಹಿಡಿತವೊಂದನ್ನು ಪಡೆದಾಗ ಅದೇ ಕಂಠಗಳು ಜಯಕಾರ ಹಾಕಿದವು. ಹೀಯಾಳಿಕೆಗಿಂತ ಆ ಜಯಕಾರವೇ ಆತನನ್ನು ಕೆರಳಿಸಿತೇನೋ. ಪ್ರೇಕ್ಷಕರತ್ತ ತಿರುಗಿ ಉಗಿದ. ಹನ್ನೊಂದನೆಯ ಇನಿಂಗ್ಸಿನಲ್ಲಿ ಎಲ್ಲ ಬೇಸುಗಳೂ ತುಂಬಿರುವಾಗ ಆತನ ಸರದಿ ಬಂತು. ಎಸೆತಗಾರ ಟಾಮಿ ಬರ್ನ್ ಹೊಡೆಯಲು ಯೋಗ್ಯವಾದ ಚೆಂಡನ್ನು ಕೊಡಲೇ ಇಲ್ಲ. ವಾಕ್! ಎಲ್ಲರೂ ಒಂದೊಂದು ಬೇಸು ಮುಂದೆ ಸರಿದು ಬಾಸ್ಟನ್ 1-0ರಿಂದ ಗೆದ್ದಿತು. ಕೋಪದಲ್ಲಿ ಹೊಡೆಯಲು ಹಾತೊರೆಯುತ್ತಿದ್ದವನು ಆ ಕ್ಷಣದಲ್ಲೂ ಹೊರಗಿನ ಚೆಂಡಿಗೆ ಬೀಸಲಿಲ್ಲ. ದಾಂಡನ್ನು ಮಾತ್ರ ಆಕಾಶದೆತ್ತರಕ್ಕೆ ಎಸೆದ. ಉಗಿದ ತಪ್ಪಿಗೆ 5,000 ಡಾಲರ್ ದಂಡ ಬಿತ್ತು.

ಅದೇ ಮನುಷ್ಯ ಕ್ಯಾನ್ಸರ್ ಪೀಡಿತ ಮಕ್ಕಳ ಜಿಮ್ಮಿ ಫಂಡ್ ನಿಧಿಗಾಗಿ ದಶಕಗಳ ಕಾಲ ದುಡಿದ. ಪತ್ರಕರ್ತರ ಕಣ್ಣುತಪ್ಪಿಸಿ ಆಸ್ಪತ್ರೆಗೆ ಹೋಗಿ ಮಕ್ಕಳ ಮಂಚದ ಪಕ್ಕ ಕೂರುತ್ತಿದ್ದ. ಬೀದಿಯಲ್ಲಿ ಯಾವ ತಾಯಿಯ ಸೇವೆಯಿಂದ ನಾಚಿ ಅಡಗಿದ್ದನೋ, ಅವಳ ರಕ್ತ ಎಲ್ಲಿ ಹೋದೀತು?

1960ರ ಸೆಪ್ಟೆಂಬರ್ 28ರಂದು ಫೆನ್‌ವೇ ಪಾರ್ಕಿನಲ್ಲಿ ಬಾಳಿನ ಕಟ್ಟಕಡೆಯ ಸರದಿಯಲ್ಲಿ ಹೋಮ್ ರನ್ ಹೊಡೆದ. ಅದು 521ನೆಯದು. ಅಂದು ಬಂದಿದ್ದ ಹತ್ತು ಸಾವಿರ ಚಿಲ್ಲರೆ ಜನ ಎದ್ದು ನಿಂತರೂ ಟೋಪಿ ತೆಗೆದು ವಂದಿಸಲಿಲ್ಲ. ಆ ವಂದನೆಗೆ ಊರು 1991ರವರೆಗೆ ಕಾಯಬೇಕಾಯಿತು. ಒಟ್ಟು ಲೆಕ್ಕ: .344 ಸರಾಸರಿ, 2,654 ಹೊಡೆತ, 2,021 ವಾಕ್. ಸ್ಟ್ರೈಕ್‌ಗಳಿಂದ ಔಟಾದದ್ದು 709 ಸಲ.

1966ರ ಜುಲೈ 25ರಂದು ಕೂಪರ್ಸ್‌ಟೌನಿನ ಗೌರವ ಭವನಕ್ಕೆ ಸೇರ್ಪಡೆಯಾದಾಗ ವಿಲಿಯಮ್ಸ್ ತನ್ನ ಭಾಷಣದಲ್ಲಿ ಯಾರೂ ನಿರೀಕ್ಷಿಸದ ಮಾತೊಂದನ್ನು ಎತ್ತಿದ. ಬಣ್ಣದ ಕಾರಣಕ್ಕೆ ದೊಡ್ಡ ಲೀಗುಗಳಿಂದ ದೂರವಿಡಲ್ಪಟ್ಟಿದ್ದ ಸ್ಯಾಚೆಲ್ ಪೇಜ್, ಜೋಶ್ ಗಿಬ್ಸನ್ ಮೊದಲಾದ ಕಪ್ಪು ಆಟಗಾರರಿಗೂ ಅಲ್ಲಿ ಜಾಗ ಸಿಗಬೇಕೆಂಬುದೇ ಆ ಮಾತು. ತಾಯಿಯ ಕಡೆಯ ಮೆಕ್ಸಿಕನ್ ಬೇರಿನ ಬಗ್ಗೆ ಬಹುಕಾಲ ಮೌನವಾಗಿದ್ದವನ ಬಾಯಿಂದ ಈ ಮಾತು ಬಂದದ್ದು ಗಮನಾರ್ಹ. ಪೇಜ್ 1971ರಲ್ಲಿ, ಗಿಬ್ಸನ್ ಆತ ಸತ್ತು 25 ವರ್ಷಗಳಾದ ಮೇಲೆ 1972ರಲ್ಲಿ ಆ ಭವನ ಸೇರಿದರು.

1969ರಲ್ಲಿ ವಾಷಿಂಗ್ಟನ್ ಸೆನೆಟರ್ಸ್ ತಂಡದ ವ್ಯವಸ್ಥಾಪಕನಾದ ವಿಲಿಯಮ್ಸ್ ತನ್ನ ವಿದ್ಯೆಯನ್ನು ಫ್ರಾಂಕ್ ಹೊವಾರ್ಡ್ ಎಂಬ ಆರೂವರೆ ಅಡಿ ಮೀರಿದ ದೈತ್ಯನಿಗೆ ಧಾರೆಯೆರೆದ. ಕಂಡ ಚೆಂಡಿಗೆಲ್ಲ ಬೀಸುತ್ತಿದ್ದ ಹೊವಾರ್ಡ್ 1968ರಲ್ಲಿ ಪಡೆದ ವಾಕ್ 54. 1969ರಲ್ಲಿ 102. 1970ರಲ್ಲಿ 132 ವಾಕ್ ಪಡೆದು ಅಮೆರಿಕನ್ ಲೀಗಿಗೇ ಮೊದಲಿಗನಾದ. ಹೋಮ್ ರನ್ನುಗಳೇನೂ ಕಡಿಮೆಯಾಗಲಿಲ್ಲ.

ವಾಕ್‌ಗಳನ್ನೂ ಎಣಿಸುವ ‘ಬೇಸ್ ತಲುಪಿದ ಪ್ರಮಾಣ’ ಅಧಿಕೃತ ಅಂಕಿಯಾದದ್ದು 1984ರಲ್ಲಿ. ವಿಲಿಯಮ್ಸ್ 2002ರ ಜುಲೈ 5ರಂದು ಫ್ಲೋರಿಡಾದಲ್ಲಿ ತೀರಿಕೊಂಡ. ದಹನವೋ ಶೈತ್ಯ ಸಂರಕ್ಷಣೆಯೋ ಎಂದು ಮಕ್ಕಳ ನಡುವೆ ವ್ಯಾಜ್ಯವೆದ್ದು, ಕೊನೆಗೆ ದೇಹವನ್ನು ಅರಿಜೋನಾದಲ್ಲಿ ಘನೀಕರಿಸಿ ಇಡಲಾಯಿತು. ಮರುವರ್ಷ ಮೈಕೇಲ್ ಲೂಯಿಸ್ ಬರೆದ ‘ಮನಿಬಾಲ್’ ಪ್ರಕಟವಾಯಿತು. ಹೆಚ್ಚು ವಾಕ್ ಪಡೆಯುವ, ಆದ್ದರಿಂದಲೇ ಅಗ್ಗಕ್ಕೆ ಸಿಗುವ ಆಟಗಾರರನ್ನು ಹುಡುಕಿ ತಂಡ ಕಟ್ಟಿದ ಓಕ್‌ಲ್ಯಾಂಡ್ ಸಂಸ್ಥೆಯ ಕಥೆ ಅದು. ಅದಾದ ಮೇಲೆ ನಡೆಯಬಲ್ಲ ದಾಂಡಿಗರು ಅಗ್ಗವಾಗಿ ಉಳಿಯಲಿಲ್ಲ.

2024ರಲ್ಲಿ ಅಮೆರಿಕದ ಬೇಸ್‌ಬಾಲ್ ಆಡಳಿತ ಕಪ್ಪು ಆಟಗಾರರ ಹಳೆಯ ಲೀಗುಗಳ ಅಂಕಿಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿತು. ಜೀವಮಾನದ ಸರಾಸರಿಯ ಪಟ್ಟಿಯಲ್ಲಿ .372ರೊಂದಿಗೆ ಜೋಶ್ ಗಿಬ್ಸನ್ ಎಲ್ಲರಿಗಿಂತ ಮೇಲೇರಿದ. ವಿಲಿಯಮ್ಸನ ಸ್ಥಾನ ಕೆಳಗಿಳಿಯಿತು. ಬೇಸ್ ತಲುಪಿದ ಪ್ರಮಾಣದ ಪಟ್ಟಿಯ ತುದಿಯಲ್ಲಿ ಮಾತ್ರ ಹೆಸರು ಬದಲಾಗಲಿಲ್ಲ: ವಿಲಿಯಮ್ಸ್, .482.